ಲಿನಕ್ಸ್ ಏಳುತ್ತಿಲ್ಲವೇ? ಅದು ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ಕಳೆದ ಮಳೆಗಾಲದ ಒಂದು ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಉಬುಂಟು ಅಳಿಸಿಹೋಗಿದೆ. ನನ್ನ ಪ್ರಬಂಧದ ಮೂರು ಅಧ್ಯಾಯಗಳು ಅದರೊಳಗೇ ಇದ್ದವು" ಎಂದಳು. ಅಳು ಗಂಟಲಿನವರೆಗೆ ಬಂದಿತ್ತು. ಉಬುಂಟು ಎಂದರೆ ವಿಂಡೋಸ್‌ನಂತೆ ಗಣಕವನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ಒಂದು ರೂಪ. ಆ ದಿನ ಮಧ್ಯಾಹ್ನ ರಿಪೇರಿ ಅಂಗಡಿಯೊಂದರಲ್ಲಿ ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಬದಲಾಯಿಸಿ, ಜೊತೆಗೆ ಯಂತ್ರವನ್ನು ಮೊದಲು ಎಬ್ಬಿಸುವ ಬಯೋಸ್ ಎಂಬ ಪ್ರೋಗ್ರಾಮಿಗೂ ಹೊಸ ಆವೃತ್ತಿ ಹಾಕಿ ಕೊಟ್ಟಿದ್ದರು. ಮನೆಗೆ ಬಂದು ಗುಂಡಿ ಒತ್ತಿದರೆ ಎಂದಿನಂತೆ ಉಬುಂಟುವೋ ವಿಂಡೋಸೋ ಎಂದು ಕೇಳುವ ಪಟ್ಟಿ ಬರಲಿಲ್ಲ, ಸೀದಾ ವಿಂಡೋಸ್ ತೆರೆದುಕೊಂಡಿತು. ಅಂಗಡಿಯವರನ್ನು ಕೇಳಿದರೆ "ಲಿನಕ್ಸ್ ಹೋಗಿದೆ, ಮತ್ತೆ ಹಾಕಿಕೊಳ್ಳಬೇಕು" ಎಂದರಂತೆ. ಅವಳು ಪೆನ್‌ಡ್ರೈವ್ ಸಿದ್ಧಮಾಡಿಕೊಂಡು, ಇನ್‌ಸ್ಟಾಲ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಫೋನ್ ಮಾಡಿದ್ದಳು.

ಆ ಗುಂಡಿ ಒತ್ತಿದ್ದರೆ ಮೂರು ಅಧ್ಯಾಯಗಳೂ ನಿಜವಾಗಿ ಹೋಗುತ್ತಿದ್ದವು. ಅಲ್ಲಿಯವರೆಗೆ ಏನೂ ಹೋಗಿರಲಿಲ್ಲ. ಬಯೋಸ್ ಬದಲಾದಾಗ ಮದರ್‌ಬೋರ್ಡಿನ ನೆನಪಿನಲ್ಲಿದ್ದ 'ಉಬುಂಟು ಇಂಥ ಕಡೆ ಇದೆ' ಎಂಬ ಒಂದು ಸಾಲು ಮಾತ್ರ ಅಳಿಸಿತ್ತು. ಆ ಸಾಲನ್ನು ಫೋನಿನಲ್ಲೇ ಹೇಳಿಕೊಟ್ಟು ಬರೆಸಿದೆ. ಅರ್ಧ ಗಂಟೆಯೊಳಗೆ ಪಟ್ಟಿ ಮರಳಿ ಬಂತು, ಕಡತಗಳೆಲ್ಲ ಇದ್ದಲ್ಲೇ ಇದ್ದವು.

ಈ ಬರಹ ಆ ರಾತ್ರಿಯ ಕಾರಣದಿಂದಲೇ ಹುಟ್ಟಿದ್ದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕೆನ್ನುತ್ತದೆ, ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ಗಟ್ಟಿಮುಟ್ಟಾಗಿರುವ ಹಳೆಯ ಯಂತ್ರಗಳಿಗೆ ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಎಂಬ ಲಿನಕ್ಸ್ ರೂಪಗಳನ್ನು ಹಾಕಿಕೊಳ್ಳುವವರು ನನ್ನ ಸುತ್ತಲೇ ಹೆಚ್ಚುತ್ತಿದ್ದಾರೆ. ಹಾಕಿಕೊಳ್ಳುವುದು ಈಗ ಸುಲಭ. ಏಳದೆ ಹೋದಾಗ ಏನು ಮಾಡಬೇಕೆಂದು ಕನ್ನಡದಲ್ಲಿ ಹೇಳುವವರು ಕಡಿಮೆ. ಎರಡು ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿ ಇರುವ ಮನೆಗಳಲ್ಲಿ ದಿಗಿಲು ಇನ್ನೂ ಹೆಚ್ಚು.

ಆದೇಶಗಳ ಬಗ್ಗೆ ಒಂದು ಮಾತು. ಅವನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಮಾಡಿ. ಆದೇಶ ಟೈಪ್ ಮಾಡುವ ಕಿಟಕಿಯಾದ ಸಾಮಾನ್ಯ ಟರ್ಮಿನಲ್‌ನಲ್ಲಿ, ಆದೇಶಕ್ಕಿಂತ ಮೊದಲು 'ಸುಡೊ' ಎಂಬ ಅಧಿಕಾರ ಕೊಡುವ ಪದವನ್ನು ಸೇರಿಸಬೇಕು.

ಯಾರ ಕೈ ಖಾಲಿ ಇದೆ?

ಮನೆ ಕಟ್ಟುವಲ್ಲಿ ಇಟ್ಟಿಗೆ ದಾಟಿಸುವುದನ್ನು ನೋಡಿರುತ್ತೀರಿ. ಲಾರಿಯ ಬಳಿ ನಿಂತವನು ಪಕ್ಕದವನಿಗೆ, ಅವನು ಏಣಿಯ ಬುಡದಲ್ಲಿರುವವನಿಗೆ, ಹೀಗೆ ಕೈಯಿಂದ ಕೈಗೆ ಇಟ್ಟಿಗೆ ಮೇಲಕ್ಕೆ ಹೋಗುತ್ತದೆ. ಮೇಲೆ ಇಟ್ಟಿಗೆ ಬರದಿದ್ದರೆ ಮೇಸ್ತ್ರಿ ಗೋಡೆಯನ್ನು ಕೆಡವುವುದಿಲ್ಲ. ಸಾಲಿನಲ್ಲಿ ಯಾರ ಕೈ ಖಾಲಿ ಇದೆ ಎಂದು ನೋಡುತ್ತಾನೆ.

ಗಣಕ ಏಳುವುದೂ ಹೀಗೆಯೇ. ಮೊದಲ ಕೈ ಮದರ್‌ಬೋರ್ಡಿನ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. ಜನರ ಬಾಯಲ್ಲಿ ಎರಡೂ ಬಯೋಸೇ. ಯುಇಎಫ್‌ಐ ಡಿಸ್ಕಿನ 'ಇಎಫ್‌ಐ ಪಾರ್ಟಿಷನ್' ಎಂಬ ಒಂದು ಸಣ್ಣ ವಿಭಾಗದಲ್ಲಿರುವ 'ಶಿಮ್' ಎಂಬ ಪುಟ್ಟ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಶಿಮ್ ಗ್ರಬ್ ಅನ್ನು ಎಬ್ಬಿಸುತ್ತದೆ, ಗ್ರಬ್ ಪಟ್ಟಿ ತೋರಿಸಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ದಾಟಿಸುತ್ತದೆ. ಕರ್ನಲ್ ತನ್ನ ಜೊತೆಗೆ ಬಂದ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಗಂಟನ್ನು ಬಿಚ್ಚಿ ನಿಜವಾದ ಡಿಸ್ಕನ್ನು ಹುಡುಕುತ್ತದೆ. ಡಿಸ್ಕ್ ಸಿಕ್ಕ ಮೇಲೆ ಸಿಸ್ಟಮ್‌ಡಿ ಎಂಬ ಪ್ರೋಗ್ರಾಮ್ ಉಳಿದ ಸೇವೆಗಳನ್ನೆಲ್ಲ ಆರಂಭಿಸುತ್ತದೆ. ಕೊನೆಗೆ ಲಾಗಿನ್ ಪರದೆ.

ಪರದೆಯ ಮೇಲೆ ಕೊನೆಯದಾಗಿ ಏನು ಕಂಡಿತು ಎಂಬುದೇ ರೋಗದ ಗುರುತು. ಕಂಪನಿಯ ಲಾಂಛನದ ನಂತರ ಸೀದಾ ವಿಂಡೋಸ್ ಬಂದರೆ ಮೊದಲ ಕೈಯಲ್ಲೇ ತಪ್ಪಿದೆ. 'ಗ್ರಬ್' ಎಂದು ಬರೆದು ಕರ್ಸರ್ ಮಿನುಗುತ್ತಿದ್ದರೆ ಮೂರನೆಯ ಕೈ. ಕಂಸದೊಳಗೆ 'ಇನಿಟ್‌ರ‍್ಯಾಮ್‌ಎಫ್‌ಎಸ್' ಎಂದಿದ್ದರೆ ಡಿಸ್ಕ್ ಸಿಕ್ಕಿಲ್ಲ ಅಥವಾ ಕೆಟ್ಟಿದೆ. ಪಟ್ಟಿ ಬಂದು, ಸಾಲುಗಳು ಓಡಿ, ಆಮೇಲೆ ಪರದೆ ಕಪ್ಪಾದರೆ ಬಹುಪಾಲು ಗ್ರಾಫಿಕ್ಸ್. ಮೊಬೈಲಿನಲ್ಲಿ ಆ ಪರದೆಯ ಫೋಟೊ ತೆಗೆದುಕೊಳ್ಳಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು "ಏನೋ ಇಂಗ್ಲಿಷಿನಲ್ಲಿ ಬಂತು" ಎನ್ನುತ್ತಾರೆ. ಆ 'ಏನೋ' ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಕೈ ಹಾಕುವ ಮೊದಲು

ಎರಡು ಕೆಲಸ ಮಾಡಲೇಬೇಕು. ವಿಂಡೋಸ್ ಏಳುತ್ತಿದ್ದರೆ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ಅದರ ಬಿಟ್‌ಲಾಕರ್‌ನ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದು 48 ಅಂಕಿಗಳದ್ದು. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದಿದ್ದರೂ ಡಿಸ್ಕ್ ಗೂಢಲಿಪಿಯಲ್ಲಿರುತ್ತದೆ, ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಬಯೋಸ್‌ನಲ್ಲಿ, ನಂಬಿಕೆಯ ಸಹಿ ಇರುವ ಪ್ರೋಗ್ರಾಮುಗಳನ್ನಷ್ಟೇ ಏಳಲು ಬಿಡುವ 'ಸೆಕ್ಯೂರ್ ಬೂಟ್' ಎಂಬ ಬೀಗವನ್ನು ಬದಲಾಯಿಸಿದ ಕೂಡಲೇ ವಿಂಡೋಸ್ ಆ ಕೀಲಿಯನ್ನು ಕೇಳಬಹುದು. ಲಿನಕ್ಸ್ ಸರಿಪಡಿಸಲು ಹೋಗಿ ವಿಂಡೋಸ್‌ನ ಬಾಗಿಲು ಹಾಕಿಕೊಂಡವರನ್ನು ನೋಡಿದ್ದೇನೆ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಎರಡನೆಯದು, ಲಿನಕ್ಸ್ ಹಾಕಲು ಬಳಸಿದ ಪೆನ್‌ಡ್ರೈವ್‌ನಿಂದಲೇ ಯಂತ್ರವನ್ನು ಎಬ್ಬಿಸಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಆಯ್ದುಕೊಂಡು ಒಳಹೋಗಿ. ಕಡತ ವ್ಯವಸ್ಥಾಪಕದ ಎಡಭಾಗದಲ್ಲಿ ನಿಮ್ಮ ಹಳೆಯ ಪಾರ್ಟಿಷನ್ ಕಾಣುತ್ತದೆ. ಅದನ್ನು ತೆರೆದು ಹೋಮ್ ಫೋಲ್ಡರ್‌ನಲ್ಲಿ ನಿಮ್ಮ ಕಡತಗಳಿವೆಯೇ ನೋಡಿ, ಬೇಕಾದವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಕಡತಗಳು ಕಣ್ಣಿಗೆ ಬಿದ್ದ ಮೇಲೆ ಎದೆಬಡಿತ ತಾನಾಗಿ ಇಳಿಯುತ್ತದೆ, ಮುಂದಿನ ಕೆಲಸ ಸಾವಧಾನವಾಗಿ ಆಗುತ್ತದೆ.

ಸೀದಾ ವಿಂಡೋಸ್ ತೆರೆದುಕೊಂಡರೆ

ಅತಿ ಸಾಮಾನ್ಯವಾದ ದೂರು ಇದು, ಅತಿ ಹೆಚ್ಚು ಜನ ಅನ್ಯಾಯವಾಗಿ ಲಿನಕ್ಸ್ ಅಳಿಸಿಕೊಳ್ಳುವುದೂ ಇಲ್ಲಿಯೇ.

ಯಂತ್ರ ಹೊತ್ತಿಸಿದ ಕೂಡಲೇ, ಯಾವುದರಿಂದ ಏಳಬೇಕೆಂದು ಕೇಳುವ ಫರ್ಮ್‌ವೇರ್‌ನ ಬೂಟ್ ಪಟ್ಟಿಯ ಕೀಲಿ ಒತ್ತಿ. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ಉಬುಂಟು ಎಂಬ ಹೆಸರು ಇದ್ದರೆ ಅದನ್ನು ಆಯ್ದುಕೊಳ್ಳಿ. ಲಿನಕ್ಸ್ ಎದ್ದಿತೇ? ಹಾಗಾದರೆ ಕೆಟ್ಟಿರುವುದು ಸರದಿ ಮಾತ್ರ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಹೀಗೆ ತನ್ನ ಹೆಸರನ್ನು ಮೇಲಕ್ಕೆ ತಂದುಕೊಳ್ಳುವುದುಂಟು. ಬಯೋಸ್‌ನ ಬೂಟ್ ಪುಟದಲ್ಲಿ ಉಬುಂಟುವನ್ನು ಮೊದಲಿಗೆ ತನ್ನಿ. ಬಯೋಸ್ ಅದಕ್ಕೆ ಅವಕಾಶ ಕೊಡದಿದ್ದರೆ ಲಿನಕ್ಸ್ ಒಳಗಿನಿಂದ 'ಇಎಫ್‌ಐಬೂಟ್‌ಎಂಜಿಆರ್' ಎಂಬ ಆದೇಶ ಕೊಡಿ. ಯಂತ್ರಕ್ಕೆ ಗೊತ್ತಿರುವ ಬೂಟ್ ದಾರಿಗಳೂ ಅವುಗಳ ಸಂಖ್ಯೆಗಳೂ ಸರದಿಯೂ ಕಾಣುತ್ತವೆ. ಅದೇ ಆದೇಶಕ್ಕೆ ಹೈಫನ್ ಮತ್ತು 'ಒ' ಅಕ್ಷರ ಸೇರಿಸಿ, ಸಂಖ್ಯೆಗಳನ್ನು ನಿಮಗೆ ಬೇಕಾದ ಸರದಿಯಲ್ಲಿ ಅಲ್ಪವಿರಾಮ ಹಾಕಿ ಬರೆದರೆ ಆಯಿತು.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ನನ್ನ ಅಕ್ಕನ ಮಗಳಿಗೆ ಆದದ್ದೇ ನಿಮಗೂ ಆಗಿದೆ. ಈ ಹೆಸರುಗಳು ಡಿಸ್ಕಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ಎನ್‌ವಿರ‍್ಯಾಮ್ ಎಂಬ ಸಣ್ಣ ನೆನಪಿನಲ್ಲಿರುತ್ತವೆ. ಬಯೋಸ್ ಬದಲಾಯಿಸಿದಾಗ, ಅದರ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತಂದಾಗ, ಕೆಲವು ಯಂತ್ರಗಳಲ್ಲಿ ಡಿಸ್ಕನ್ನು ಕಳಚಿ ಮತ್ತೆ ಸಿಕ್ಕಿಸಿದಾಗ ಕೂಡ ಅಳಿಸಿಹೋಗುತ್ತವೆ. ಡಿಸ್ಕಿನಲ್ಲಿ ಶಿಮ್ ಇದ್ದಲ್ಲೇ ಇರುತ್ತದೆ, ಅಲ್ಲಿಗೆ ಹೋಗುವ ವಿಳಾಸ ಮಾತ್ರ ಮರೆತಿರುತ್ತದೆ.

ಅನೇಕ ಬಯೋಸ್‌ಗಳಲ್ಲಿ 'ಆ್ಯಡ್ ಬೂಟ್ ಆಪ್ಷನ್' ಎಂಬ ಆಯ್ಕೆ ಇರುತ್ತದೆ. ಅದರಲ್ಲಿ ಇಎಫ್‌ಐ ಪಾರ್ಟಿಷನ್ ತೆರೆದು, ಇಎಫ್‌ಐ ಫೋಲ್ಡರ್‌ನೊಳಗೆ ಉಬುಂಟು ಫೋಲ್ಡರ್, ಅದರೊಳಗೆ 'ಶಿಮ್‌ಎಕ್ಸ್64' ಎಂಬ ಕಡತವನ್ನು ಆಯ್ದು, ಉಬುಂಟು ಎಂದು ಹೆಸರಿಟ್ಟು ಉಳಿಸಿದರೆ ಮುಗಿಯಿತು. ಆ ರಾತ್ರಿ ಫೋನಿನಲ್ಲಿ ಮಾಡಿಸಿದ್ದು ಇಷ್ಟೇ. ಪಕ್ಕದಲ್ಲೇ 'ಗ್ರಬ್‌ಎಕ್ಸ್64' ಎಂಬ ಕಡತವೂ ಇರುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಅದನ್ನು ನೇರವಾಗಿ ಆಯ್ದುಕೊಂಡರೆ ನಡೆಯುವುದಿಲ್ಲ. ಫರ್ಮ್‌ವೇರ್ ನಂಬುವ ಮೈಕ್ರೋಸಾಫ್ಟ್ ಸಹಿ ಇರುವುದು ಶಿಮ್‌ಗೆ, ಗ್ರಬ್‌ಗೆ ಭರವಸೆ ಕೊಡುವುದು ಶಿಮ್.

ಬಯೋಸ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಎದ್ದು ಗ್ರಬ್ ಅನ್ನು ಮತ್ತೆ ಕೂರಿಸಬೇಕು. ಒಂದು ಎಚ್ಚರಿಕೆ: ಪೆನ್‌ಡ್ರೈವ್ ಕೂಡ ಯುಇಎಫ್‌ಐ ರೀತಿಯಲ್ಲೇ ಎದ್ದಿರಬೇಕು. ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ 'ಯುಇಎಫ್‌ಐ' ಎಂದು ಮುಂದೆ ಬರೆದಿರುವುದನ್ನು ಆಯ್ದುಕೊಳ್ಳಿ. ತಪ್ಪು ರೀತಿಯಲ್ಲಿ ಎದ್ದು ಎಷ್ಟು ಸರಿಪಡಿಸಿದರೂ ಫಲ ಸಿಗುವುದಿಲ್ಲ, ಇದರಲ್ಲಿ ಇಡೀ ಭಾನುವಾರ ಕಳೆದವರಿದ್ದಾರೆ. ಮಿಂಟ್‌ನ ಪೆನ್‌ಡ್ರೈವ್‌ನಲ್ಲಿ 'ಬೂಟ್ ರಿಪೇರ್' ಎಂಬ ಸಾಧನ ಮೊದಲೇ ಇದೆ, ಉಬುಂಟುವಿಗೂ ಸಿಗುತ್ತದೆ. ಅದರ ಶಿಫಾರಸು ಮಾಡಿದ ದುರಸ್ತಿಯನ್ನು ಒತ್ತಿದರೆ ಹೆಚ್ಚಿನ ಸಲ ಸಾಕು.

ಕೈಯಿಂದಲೇ ಮಾಡುವವರಿಗೆ ದಾರಿ ಹೀಗಿದೆ. 'ಎಲ್‌ಎಸ್‌ಬಿಎಲ್‌ಕೆ' ಆದೇಶಕ್ಕೆ ಹೈಫನ್ ಎಫ್ ಸೇರಿಸಿ ಕೊಟ್ಟು, ಯಾವುದು ಲಿನಕ್ಸ್ ಪಾರ್ಟಿಷನ್, ಯಾವುದು ಇಎಫ್‌ಐ ಎಂದು ಗುರುತಿಸಿ. ಲಿನಕ್ಸ್‌ನದು ಸಾಮಾನ್ಯವಾಗಿ ಇಎಕ್ಸ್‌ಟಿ4, ಇಎಫ್‌ಐನದು ಫ್ಯಾಟ್32, ವಿಂಡೋಸ್ ಮಾಡಿದ್ದಾದರೆ ಹೆಚ್ಚಾಗಿ 100 ಎಂಬಿ. ಲಿನಕ್ಸ್ ಪಾರ್ಟಿಷನ್ನನ್ನು 'ಎಂಎನ್‌ಟಿ' ಫೋಲ್ಡರ್‌ಗೆ ಮೌಂಟ್ ಮಾಡಿ, ಎಂದರೆ ಜೋಡಿಸಿ, ಇಎಫ್‌ಐಯನ್ನು ಅದರೊಳಗಿನ 'ಬೂಟ್', 'ಇಎಫ್‌ಐ' ಜಾಗಕ್ಕೆ ಮೌಂಟ್ ಮಾಡಿ. 'ಡೆವ್', 'ಪ್ರಾಕ್', 'ಸಿಸ್' ಎಂಬ ಮೂರನ್ನು ಆರ್‌ಬೈಂಡ್ ಆಯ್ಕೆಯೊಂದಿಗೆ ಜೋಡಿಸಿ, 'ಸಿಎಚ್‌ರೂಟ್' ಆದೇಶದಿಂದ ಒಳಹೊಕ್ಕು, 'ಗ್ರಬ್-ಇನ್‌ಸ್ಟಾಲ್' ಮತ್ತು 'ಅಪ್‌ಡೇಟ್-ಗ್ರಬ್' ಕೊಡಿ. ಫೆಡೋರಾದವರು ಇದನ್ನು ಅನುಸರಿಸಬಾರದು. ಯುಇಎಫ್‌ಐ ಯಂತ್ರದಲ್ಲಿ ಅವರು ಒಳಹೊಕ್ಕ ಮೇಲೆ ಡಿಎನ್‌ಎಫ್ ಮೂಲಕ ಶಿಮ್ ಮತ್ತು ಗ್ರಬ್ ಪ್ಯಾಕೇಜುಗಳನ್ನೇ ಮರುಸ್ಥಾಪಿಸಬೇಕು.

'ಸೆಕ್ಯುರಿಟಿ ಪಾಲಿಸಿ ವಯಲೇಶನ್' ಎಂದು ಹೇಳಿ ಆರಿಹೋದರೆ

2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಬಂದಾಗ ಜಗತ್ತಿನಾದ್ಯಂತ ಅನೇಕರ ಲಿನಕ್ಸ್ ಒಂದೇ ವಾರದಲ್ಲಿ ಮಲಗಿತು. ಪರದೆಯ ಮೇಲೆ 'ಶಿಮ್ ಎಸ್‌ಬಿಎಟಿ' ಎಂಬ ಪದಗಳಿದ್ದ ಸಂದೇಶ ಬಂದು, ಏನೋ ಗಂಭೀರವಾಗಿ ತಪ್ಪಿದೆ ಎಂದು ತಿಳಿಸಿ, ಯಂತ್ರ ಆರಿಹೋಗುತ್ತಿತ್ತು. 2022ರಲ್ಲಿ ಪತ್ತೆಯಾಗಿದ್ದ ಗ್ರಬ್‌ನ ಒಂದು ಭದ್ರತಾ ಲೋಪವನ್ನು ಮುಚ್ಚಲು ಮೈಕ್ರೋಸಾಫ್ಟ್ ಹಳೆಯ ಬೂಟ್ ಕಡತಗಳನ್ನು ತಿರಸ್ಕರಿಸುವ ಆದೇಶವನ್ನು ಫರ್ಮ್‌ವೇರ್‌ಗೆ ಬರೆದಿತ್ತು. ಎರಡು ವ್ಯವಸ್ಥೆಗಳಿರುವ ಯಂತ್ರಗಳನ್ನು ಬಿಟ್ಟುಬಿಡುವುದು ಅವರ ಉದ್ದೇಶವಾಗಿತ್ತು, ಆದರೆ ಅನೇಕ ಯಂತ್ರಗಳನ್ನು ಅವರ ಪರೀಕ್ಷೆ ಗುರುತಿಸಲಿಲ್ಲ.

ಈಗಲೂ ಹಳೆಯ ಪೆನ್‌ಡ್ರೈವ್ ಬಳಸಿದಾಗ, ಬಹುಕಾಲ ಅಪ್‌ಡೇಟ್ ಮಾಡದ ಲಿನಕ್ಸ್ ಎಬ್ಬಿಸಿದಾಗ ಈ ಸಂದೇಶ ಬರಬಹುದು. ಬಿಟ್‌ಲಾಕರ್ ಕೀಲಿ ಕೈಯಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡಿ. ಲಿನಕ್ಸ್ ಏಳುತ್ತದೆ. 'ಮೋಕ್‌ಯುಟಿಲ್' ಆದೇಶಕ್ಕೆ ಎರಡು ಹೈಫನ್ ಹಾಕಿ 'ಸೆಟ್-ಎಸ್‌ಬಿಎಟಿ-ಪಾಲಿಸಿ', ಆಮೇಲೆ ಜಾಗ ಬಿಟ್ಟು 'ಡಿಲೀಟ್' ಎಂದು ಬರೆದು ಚಲಾಯಿಸಿ. ಮತ್ತೊಮ್ಮೆ ಲಿನಕ್ಸ್‌ಗೇ ಬೂಟ್ ಮಾಡಿ, ಲಭ್ಯವಿರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಆನಂತರ ಸೆಕ್ಯೂರ್ ಬೂಟ್ ಹೊತ್ತಿಸಿ. ಆಫ್ ಮಾಡಿಯೇ ಇಟ್ಟುಬಿಡಿ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ, ಆ ಬೀಗ ಇರುವುದು ನಿಮ್ಮ ರಕ್ಷಣೆಗೇ.

ಗ್ರಬ್ ಎಂದು ಬರೆದು ಸುಮ್ಮನೆ ಕುಳಿತರೆ

ಮೊದಲು ಒಂದು ಸುಳ್ಳು ರೋಗದ ಬಗ್ಗೆ. ಲಿನಕ್ಸ್ ಒಂದೇ ಇರುವ ಯಂತ್ರದಲ್ಲಿ ಗ್ರಬ್ ಪಟ್ಟಿ ಅಡಗಿರುತ್ತದೆ, ಅದನ್ನು ಕರೆಯಲು ಎಸ್ಕೇಪ್ ಒತ್ತಬೇಕು. ಆತುರದಲ್ಲಿ ನಾಲ್ಕಾರು ಸಲ ಒತ್ತಿದರೆ ಪಟ್ಟಿಯನ್ನೂ ದಾಟಿ ಗ್ರಬ್‌ನ ಆದೇಶದ ಪರದೆಗೆ ಹೋಗಿಬಿಡುತ್ತೀರಿ. ಏನೂ ಕೆಟ್ಟಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಮತ್ತೆ ಆರಂಭಿಸಿ, ಈ ಸಲ ಒಂದೇ ಬಾರಿ ಒತ್ತಿ.

ತಾನಾಗಿಯೇ ಆ ಪರದೆ ಬಂದರೆ ಗ್ರಬ್‌ಗೆ ತನ್ನ ಪಟ್ಟಿಯ ಕಡತ ಸಿಗುತ್ತಿಲ್ಲ ಎಂದು ಅರ್ಥ. ವಿಂಡೋಸ್ ಒಳಗಿನಿಂದ ಜಾಗ ಹೆಚ್ಚಿಸಿಕೊಳ್ಳಲು ಹೋಗಿ ಲಿನಕ್ಸ್ ಪಾರ್ಟಿಷನ್ನನ್ನು ಅಳಿಸಿದ್ದರೆ ಹೀಗಾಗುತ್ತದೆ. ನೀವು ಅಥವಾ ಮನೆಯವರು ಯಾರಾದರೂ ಹಾಗೆ ಮಾಡಿದ್ದಾರೆಯೇ ಎಂದು ಮೊದಲು ಕೇಳಿ. ಅಳಿಸಿದ್ದು ಹೌದಾದರೆ ಡಿಸ್ಕಿಗೆ ಏನನ್ನೂ ಬರೆಯಬೇಡಿ. 'ಟೆಸ್ಟ್‌ಡಿಸ್ಕ್' ಎಂಬ ಸಾಧನ ಕಳೆದ ಪಾರ್ಟಿಷನ್ನನ್ನು ಹುಡುಕಿಕೊಡಬಲ್ಲದು, ಅದರ ಮೇಲೆ ಹೊಸದು ಬರೆಯದಿದ್ದರೆ ಮಾತ್ರ.

ಪಾರ್ಟಿಷನ್ ಇದ್ದು ಸಂಖ್ಯೆ ಅಥವಾ ಗುರುತು ಮಾತ್ರ ಬದಲಾಗಿದ್ದರೆ ಅಲ್ಲಿಂದಲೇ ಏಳಬಹುದು. 'ಎಲ್‌ಎಸ್' ಎಂದು ಕೊಡಿ. 'ಎಚ್‌ಡಿ0, ಜಿಪಿಟಿ5' ಎಂಬಂಥ ಹೆಸರುಗಳು ಕಂಸದೊಳಗೆ ಬರುತ್ತವೆ. ಒಂದೊಂದರ ಮುಂದೆಯೂ ಎಲ್‌ಎಸ್ ಹಾಕಿ, ಕೊನೆಗೆ ಓರೆಗೆರೆ ಸೇರಿಸಿ ನೋಡುತ್ತ ಹೋಗಿ. ಯಾವುದರಲ್ಲಿ 'ಬೂಟ್', 'ಹೋಮ್', 'ಇಟಿಸಿ' ಫೋಲ್ಡರ್‌ಗಳು ಕಾಣುತ್ತವೆಯೋ ಅದೇ ನಿಮ್ಮ ಲಿನಕ್ಸ್. 'ಕಾನ್ಫಿಗ್‌ಫೈಲ್' ಎಂದು ಬರೆದು, ಆ ಹೆಸರು, ಅದರ ನಂತರ ಬೂಟ್, ಗ್ರಬ್, 'ಗ್ರಬ್.ಸಿಎಫ್‌ಜಿ' ಎಂಬ ದಾರಿಯನ್ನು ಓರೆಗೆರೆಗಳೊಂದಿಗೆ ಕೊಟ್ಟರೆ ಪರಿಚಿತ ಪಟ್ಟಿ ಮೂಡುತ್ತದೆ. ಒಳಹೋದ ಮೇಲೆ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಎರಡನ್ನೂ ಮಾಡಿ, ಇಲ್ಲದಿದ್ದರೆ ಮುಂದಿನ ಸಲವೂ ಇದೇ ಕಥೆ.

ಹಳೆಯ ಬಯೋಸ್ ಯಂತ್ರಗಳಲ್ಲಿ 'ಗ್ರಬ್ ರೆಸ್ಕ್ಯೂ' ಎಂದು ಬರುವುದು ಹೆಚ್ಚು. ಅಲ್ಲಿ ಆದೇಶಗಳು ಬೆರಳೆಣಿಕೆಯಷ್ಟು. ಪೆನ್‌ಡ್ರೈವ್‌ನಿಂದ ಹೋಗುವುದೇ ಸಲೀಸು.

ಕರ್ನಲ್ ಪ್ಯಾನಿಕ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್

ಪಟ್ಟಿ ಬಂತು, ಉಬುಂಟು ಆಯ್ದುಕೊಂಡಿರಿ, ತಕ್ಷಣ 'ಅನೇಬಲ್ ಟು ಮೌಂಟ್ ರೂಟ್' ಎಂದು ಕರ್ನಲ್ ನಿಂತಿತು. ಇದೇ ಕರ್ನಲ್ ಪ್ಯಾನಿಕ್. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋದರೆ, ಅಥವಾ ಬೂಟ್ ಪಾರ್ಟಿಷನ್ ಬೇರೆಯಾಗಿದ್ದು ತುಂಬಿಹೋಗಿದ್ದರೆ ಹೀಗಾಗುತ್ತದೆ. ಹೊಸ ಕರ್ನಲ್ ಬಂದಿದೆ, ಅದರ ಗಂಟು ಪೂರ್ತಿ ಕಟ್ಟಿಲ್ಲ. ಇದಕ್ಕೆ ಮದ್ದು ಪಟ್ಟಿಯಲ್ಲೇ ಇದೆ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನಲ್ ಇರುತ್ತದೆ, ಅದರಿಂದ ಏಳಿ. ಒಳಗೆ 'ಡಿಎಫ್' ಆದೇಶಕ್ಕೆ ಹೈಫನ್ ಎಚ್ ಸೇರಿಸಿ ಜಾಗ ನೋಡಿ, ತುಂಬಿದ್ದರೆ 'ಎಪಿಟಿ ಆಟೊರಿಮೂವ್' ಮಾಡಿ ಹಳೆಯ ಕರ್ನಲ್‌ಗಳನ್ನು ತೆಗೆಯಿರಿ. ಆಮೇಲೆ 'ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್' ಆದೇಶವನ್ನು ಹೈಫನ್ ಯು, ಹೈಫನ್ ಕೆ, 'ಆಲ್' ಎಂದು ಕೊಡಿ.

ಇನಿಟ್‌ರ‍್ಯಾಮ್‌ಎಫ್‌ಎಸ್ ಪರದೆಯಲ್ಲಿ ನಿಂತರೆ ಮೇಲಿನ ಸಾಲುಗಳನ್ನು ಓದಿ. 'ರನ್ ಎಫ್‌ಎಸ್‌ಸಿಕೆ ಮ್ಯಾನುಯಲಿ' ಎಂದಿದ್ದರೆ ಡಿಸ್ಕಿನ ಲೆಕ್ಕದ ಪುಸ್ತಕ ಅಸ್ತವ್ಯಸ್ತವಾಗಿದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಳಲ್ಲಿ ಪದೇ ಪದೇ ಕರೆಂಟು ಹೋಗುವ ಊರುಗಳಲ್ಲಿ ಇದನ್ನು ನೋಡುತ್ತಲೇ ಇರುತ್ತೇವೆ. ಸಂದೇಶದಲ್ಲಿ ಹೇಳಿರುವ ಪಾರ್ಟಿಷನ್ನಿನ ಹೆಸರನ್ನೇ ಡಿಸ್ಕ್ ತಪಾಸಣೆಯ 'ಎಫ್‌ಎಸ್‌ಸಿಕೆ' ಆದೇಶದ ನಂತರ ಬರೆದು, ಹೈಫನ್ ವೈ ಸೇರಿಸಿ ಒತ್ತಿ. ಮುಗಿದ ಮೇಲೆ 'ರೀಬೂಟ್'. ಒಮ್ಮೆ ಬಂದರೆ ಕರೆಂಟಿನ ತಪ್ಪು. ತಿಂಗಳೊಳಗೆ ಮತ್ತೆ ಬಂದರೆ ಡಿಸ್ಕಿನ ಮೇಲೆ ಅನುಮಾನ ಪಡಿ. 'ಸ್ಮಾರ್ಟ್‌ಸಿಟಿಎಲ್' ಆದೇಶದಿಂದ ಅದರ ಆರೋಗ್ಯ ನೋಡಿ, ಮರುಹಂಚಿಕೆಯಾದ ಸೆಕ್ಟರ್‌ಗಳ ಲೆಕ್ಕ ಏರುತ್ತಿದ್ದರೆ ದುರಸ್ತಿಯನ್ನು ನಿಲ್ಲಿಸಿ ಕಡತಗಳನ್ನು ಹೊರತೆಗೆಯಿರಿ. ಸಾಯುತ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸುವುದು ಉಳಿದಿರುವುದನ್ನೂ ಕಳೆದುಕೊಳ್ಳುವ ದಾರಿ.

ಇನ್ನೊಂದು ಸಂದೇಶ ಇಂಥ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಇಲ್ಲ ಎನ್ನುತ್ತದೆ. ಡಿಸ್ಕೇ ಕಾಣುತ್ತಿಲ್ಲ. 'ಬಿಎಲ್‌ಕೆಐಡಿ' ಎಂದು ಕೊಟ್ಟು ಯಾವ ಡಿಸ್ಕ್‌ಗಳು ಕಾಣುತ್ತವೆ ನೋಡಿ. ಖಾಲಿ ಬಂದರೆ ಕೇಬಲ್ ಸಡಿಲವಾಗಿರಬಹುದು, ಅಥವಾ ಬಯೋಸ್‌ನಲ್ಲಿ ಯಂತ್ರ ಡಿಸ್ಕಿನೊಂದಿಗೆ ಮಾತಾಡುವ ರೀತಿ ಎಎಚ್‌ಸಿಐಯಿಂದ ರೇಡ್‌ಗೆ ತಿರುಗಿರಬಹುದು. ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಕಾಣದಿರುವುದಕ್ಕೂ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕಾರಣ. ಆದರೆ ವಿಂಡೋಸ್ ಇರುವ ಯಂತ್ರದಲ್ಲಿ ಅದನ್ನು ಸುಮ್ಮನೆ ಎಎಚ್‌ಸಿಐಗೆ ತಿರುಗಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಮೊದಲು ವಿಂಡೋಸ್ ಅನ್ನು ಸೇಫ್ ಮೋಡ್‌ಗೆ ಏಳುವಂತೆ ಮಾಡಿಟ್ಟು, ಆಮೇಲೆ ಬಯೋಸ್‌ನಲ್ಲಿ ಬದಲಾಯಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿದರೆ ಅದು ಹೊಸ ರೀತಿಗೆ ಹೊಂದಿಕೊಳ್ಳುತ್ತದೆ.

ಒಂದೂವರೆ ನಿಮಿಷ ಕಾದು 'ಎಮರ್ಜೆನ್ಸಿ ಮೋಡ್'

ಹೆಸರು ಭಯಂಕರ, ಕಾರಣ ಬಹಳ ಸಣ್ಣದು. ಒಂದು ಡಿಸ್ಕಿಗಾಗಿ 1 ನಿಮಿಷ 30 ಸೆಕೆಂಡು ಕಾಯುತ್ತಿರುವುದಾಗಿ ಪರದೆ ಎಣಿಸುತ್ತದೆ, ಆಮೇಲೆ ತುರ್ತು ಸ್ಥಿತಿಗೆ ಬೀಳುತ್ತದೆ. ಎಂದೋ ಜೋಡಿಸಿದ್ದ ಎರಡನೆಯ ಡಿಸ್ಕನ್ನು ಕಳಚಿರುತ್ತೀರಿ ಅಥವಾ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿರುತ್ತೀರಿ. ಇಟಿಸಿ ಫೋಲ್ಡರ್‌ನ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಅದರ ಹೆಸರು ಇನ್ನೂ ಉಳಿದಿರುತ್ತದೆ. ಆ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ ಉಳಿಸಿದರೆ ಆಯಿತು. ರೂಟ್ ಖಾತೆಗೆ ಬೀಗ ಇರುವುದರಿಂದ ಉಬುಂಟುವಿನಲ್ಲಿ ತುರ್ತು ಪರದೆ ಒಳಗೆ ಬಿಡದಿರಬಹುದು, ಆಗ ಪೆನ್‌ಡ್ರೈವ್‌ನಿಂದ ಎದ್ದು ಅದೇ ಕಡತ ತಿದ್ದಿ. ಬೇಕಾದಾಗ ಮಾತ್ರ ಸಿಕ್ಕಿಸುವ ಡಿಸ್ಕುಗಳ ಸಾಲಿನಲ್ಲಿ 'ನೋಫೇಲ್' ಎಂಬ ಆಯ್ಕೆ ಸೇರಿಸಿಟ್ಟರೆ ಡಿಸ್ಕ್ ಇಲ್ಲದಿದ್ದರೂ ಯಂತ್ರ ಏಳುತ್ತದೆ.

ಕಪ್ಪು ಪರದೆ

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವವರು ಇದನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಗ್ರಬ್ ಪಟ್ಟಿಯಲ್ಲಿ ಉಬುಂಟು ಮೇಲೆ ನಿಂತು 'ಇ' ಒತ್ತಿ. 'ಲಿನಕ್ಸ್' ಎಂದು ಆರಂಭವಾಗುವ ಸಾಲಿನ ಕೊನೆಗೆ ಹೋಗಿ, ಜಾಗ ಬಿಟ್ಟು 'ನೋಮೋಡ್‌ಸೆಟ್' ಎಂದು ಸೇರಿಸಿ, ಎಫ್10 ಒತ್ತಿ. ಪರದೆ ಒರಟಾಗಿ ಬಂದರೂ ಬರುತ್ತದೆ. ಈ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ, ಹೆದರಬೇಕಿಲ್ಲ. ಒಳಹೋಗಿ 'ಅಡಿಷನಲ್ ಡ್ರೈವರ್ಸ್' ತೆರೆದು ಶಿಫಾರಸು ಮಾಡಿದ ಡ್ರೈವರ್ ಹಾಕಿ.

ಇಲ್ಲಿ ಒಂದು ಹೆಜ್ಜೆಯನ್ನು ಜನ ತಪ್ಪಿಸಿಕೊಳ್ಳುತ್ತಾರೆ. ಸೆಕ್ಯೂರ್ ಬೂಟ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಗುಪ್ತಪದ ಕೇಳಬಹುದು. ಹಾಗೆ ಕೇಳಿದ್ದರೆ ಮರುಬೂಟ್ ಮಾಡಿದಾಗ ನೀಲಿ ಪರದೆಯೊಂದು ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ಅಷ್ಟರೊಳಗೆ ಒಂದು ಕೀಲಿ ಒತ್ತಿ, 'ಎನ್‌ರೋಲ್ ಮೋಕ್' ಆಯ್ದು, ಅದೇ ಗುಪ್ತಪದ ಕೊಡಬೇಕು. ಚಹಾ ತರಲು ಎದ್ದುಹೋದರೆ ಆ ಪರದೆ ದಾಟಿಹೋಗುತ್ತದೆ. ಡ್ರೈವರ್ ಡಿಸ್ಕಿನಲ್ಲಿದ್ದೂ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಡ್ರೈವರ್ ಹಾಕಿದರೂ ಪರದೆ ಕಪ್ಪು ಎನ್ನುವವರಲ್ಲಿ ಅನೇಕರ ತೊಂದರೆ ಇದೇ.

ಗುಪ್ತಪದ ಸರಿಯಾಗಿದ್ದರೂ ಲಾಗಿನ್ ಪರದೆಯೇ ಸುತ್ತಿ ಸುತ್ತಿ ಬಂದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರಗಳ ಪರದೆಗೆ ಹೋಗಿ ಅಲ್ಲಿ ಲಾಗಿನ್ ಆಗಿ. ಮೊದಲು ಡಿಎಫ್ ನೋಡಿ, ಡಿಸ್ಕ್ ನೂರಕ್ಕೆ ನೂರು ತುಂಬಿದ್ದರೆ ಇನ್ನೇನೂ ಹುಡುಕಬೇಕಿಲ್ಲ. ತುಂಬಿರದಿದ್ದರೆ 'ಜರ್ನಲ್‌ಸಿಟಿಎಲ್' ಆದೇಶಕ್ಕೆ ಹೈಫನ್ ಬಿ, ಹೈಫನ್ ಪಿ, 'ಇಆರ್‌ಆರ್' ಸೇರಿಸಿ. ಈ ಬಾರಿ ಎದ್ದಾಗಿನಿಂದ ಆದ ದೋಷಗಳಷ್ಟೇ ಕೆಂಪಾಗಿ ಬರುತ್ತವೆ.

ವೈಫೈ ಇಲ್ಲದೆ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ ಎಂದು ಕೇಳುತ್ತಾರೆ. ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಹೊತ್ತಿಸಿ. ಸಾಮಾನ್ಯವಾಗಿ ಯಾವ ಡ್ರೈವರೂ ಬೇಡ, ಕೂಡಲೇ ಅಂತರ್ಜಾಲ ಸಿಗುತ್ತದೆ.

ಎದ್ದ ಮೇಲೆ ಕಾಣುವ ಮೂರು ತಂಟೆಗಳು

ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇದೆಯೇ? ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಬರೆಯುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದುತ್ತದೆ. ನಮಗೂ ಜಾಗತಿಕ ಸಮಯಕ್ಕೂ ಇರುವ ಅಂತರವೇ 5 ಗಂಟೆ 30 ನಿಮಿಷ. ಲಿನಕ್ಸ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್', 'ಸೆಟ್-ಲೋಕಲ್-ಆರ್‌ಟಿಸಿ', 1 ಎಂದು ಕೊಟ್ಟರೆ ಎರಡೂ ಹೊಂದಿಕೊಳ್ಳುತ್ತವೆ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ ಎಂದು ಹಣ ಕೊಟ್ಟು ಬದಲಾಯಿಸಬೇಡಿ.

ವಿಂಡೋಸ್‌ನ ಡಿ ಡ್ರೈವ್ ಲಿನಕ್ಸ್‌ನಲ್ಲಿ ತೆರೆದರೂ ಬರೆಯಲು ಬಿಡುತ್ತಿಲ್ಲವೇ? ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣ. ಶಟ್‌ಡೌನ್ ಒತ್ತಿದರೂ ಅದು ಅರೆನಿದ್ದೆಯಲ್ಲಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿ. ಬಲವಂತವಾಗಿ ಬರೆಯುವ ದಾರಿಗಳೂ ಇವೆ, ಅವುಗಳ ಗೊಡವೆಗೆ ಹೋಗಬೇಡಿ.

ಲಿನಕ್ಸ್ ಎದ್ದಿತು, ಗ್ರಬ್ ಪಟ್ಟಿಯಲ್ಲಿ ವಿಂಡೋಸ್ ಕಾಣುತ್ತಿಲ್ಲ. 2021ರ ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ 'ಒಎಸ್-ಪ್ರೋಬರ್' ಭದ್ರತೆಯ ಕಾರಣಕ್ಕೆ ಮೂಲದಲ್ಲೇ ಆಫ್ ಆಗಿರುತ್ತದೆ. ಇಟಿಸಿ, ಡಿಫಾಲ್ಟ್, ಗ್ರಬ್ ಎಂಬ ಕಡತದಲ್ಲಿ 'ಗ್ರಬ್ ಡಿಸೇಬಲ್ ಒಎಸ್ ಪ್ರೋಬರ್' ಎಂಬ ಸಾಲಿನ ಮುಂದಿನ ಹ್ಯಾಶ್ ತೆಗೆದು, ಅದರ ಮೌಲ್ಯ 'ಫಾಲ್ಸ್' ಆಗಿರುವುದನ್ನು ನೋಡಿಕೊಂಡು ಅಪ್‌ಡೇಟ್-ಗ್ರಬ್ ಮಾಡಿ.

ದುರಸ್ತಿ ಮುಗಿಯಿತು ಎಂದು ಮುಚ್ಚಿಡುವ ಮೊದಲು ಮೂರು ಸಲ ಎಬ್ಬಿಸಿ ನೋಡಿ. ಯಂತ್ರವನ್ನು ಪೂರ್ತಿ ಆರಿಸಿ ಒಮ್ಮೆ ಲಿನಕ್ಸ್‌ಗೆ ಹೋಗಿ, ಇನ್ನೊಮ್ಮೆ ವಿಂಡೋಸ್‌ಗೆ, ವಿಂಡೋಸ್ ಮುಚ್ಚಿ ಮತ್ತೆ ಲಿನಕ್ಸ್‌ಗೆ. ಕೆಲವು ಯಂತ್ರಗಳಲ್ಲಿ ವಿಂಡೋಸ್ ಒಂದು ಸಲ ಎದ್ದು ಮಲಗಿದ ಮೇಲೆಯೇ ಸರದಿ ಮತ್ತೆ ಕೆಡುತ್ತದೆ, ಮೊದಲ ಬಾರಿಯ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಅಕ್ಕನ ಮಗಳು ಆ ರಾತ್ರಿ ಮೂರು ಬಾರಿಯೂ ಮಾಡಿ ನೋಡಿ, ಪ್ರಬಂಧವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡ ಮೇಲೆಯೇ ಫೋನ್ ಇಟ್ಟಳು.